"ನೀನ್ಯಾರಮ್ಮ?" ಅಂದಾಗ ನಮ್ಮ ಹುಡುಗಿ ಏನು ಹೇಳಬೇಕಿತ್ತು?

ರಾಜ್ಯದ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ಮಳೆಗಾಲದಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ತಾಲ್ಲೂಕು ಕಚೇರಿಗೆ ಹೋಗಿದ್ದಳು. ಅವಳಿಗೆ ಹೋಬಳಿವಾರು ಮಳೆ ಲೆಕ್ಕ ಬೇಕಿತ್ತು. ಅಲ್ಲಿನ ಗುಮಾಸ್ತರು ಕನ್ನಡಕ ಮೇಲೆ ಸರಿಸಿ "ನೀನ್ಯಾರಮ್ಮ?" ಅಂದರು. ಇವಳು "ಸ್ಟೂಡೆಂಟ್ ಸರ್" ಅಂದಳು. "ಹಾಗಾದ್ರೆ ಪ್ರೆಸ್ ಆದ್ಮೇಲೆ ಬಾ" ಅಂತ ಅವರು ಮತ್ತೆ ಫೈಲಿಗೆ ತಲೆ ಬಗ್ಗಿಸಿದರು. ಹುಡುಗಿ ವಾಪಸ್ ಬಂದು ನನ್ನ ಮೇಜಿನ ಮುಂದೆ ನಿಂತಳು. "ಸರ್, ನಾನು ಏನಂತ ಹೇಳ್ಬೇಕಿತ್ತು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳು ದಡ್ಡಿಯಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು, ಸಂಪಾದಕ ಹರ್ಮನ್ ಮೋಗ್ಲಿಂಗ್ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ಸುದ್ದಿಯ ಮೌಲ್ಯಗಳು ಎಷ್ಟು, ತಲೆಕೆಳಗಾದ ಪಿರಮಿಡ್ ಅಂದರೇನು, ಎಲ್ಲ ಬಾಯಿಪಾಠ. ತಾನು ಯಾರು ಅನ್ನೋ ಪ್ರಶ್ನೆ ಮಾತ್ರ ಅವಳ ಸಿಲೆಬಸ್‌ನಲ್ಲಿ ಬಂದಿರಲಿಲ್ಲ. ಅದಕ್ಕೇ ಈ ಪತ್ರ.

ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಐಚ್ಛಿಕ ಪತ್ರಿಕೋದ್ಯಮ ಕಲಿಸುವ ಅತಿಥಿ ಉಪನ್ಯಾಸಕ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಪತ್ರಿಕೆಯಲ್ಲಿದ್ದೆ. ಮೊದಲು ಸ್ಟ್ರಿಂಗರ್, ಅಂದರೆ ಊರಿಂದ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರ. ಆಮೇಲೆ ಡೆಸ್ಕ್, ಅಂದರೆ ಬಂದ ಸುದ್ದಿ ತಿದ್ದುವ ಕೆಲಸ. ಪಠ್ಯಕ್ರಮ ರೂಪಿಸುವ ನಿಮ್ಮ ಸಭೆಗಳಿಗೆ ನನ್ನಂಥವರನ್ನು ಕರೆಯುವ ರೂಢಿ ಇಲ್ಲ. ಹಾಗಾಗಿ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಮೊದಲು ಆ ಗುಮಾಸ್ತರ ಪ್ರಶ್ನೆಗೇ ಬರೋಣ. ಕಾನೂನಿನ ಪ್ರಕಾರ ಆ ಲೆಕ್ಕ ಕೇಳಲು ಅವಳು ಪ್ರೆಸ್ ಆಗಬೇಕಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲೇ ಬಂದಿದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಯಾಕೆ ಕೇಳುತ್ತಿದ್ದೀರಿ ಅಂತ ಕಾರಣ ಹೇಳಬೇಕಾಗಿಯೂ ಇಲ್ಲ. ಇನ್ನು ಸಂವಿಧಾನದ 19(1)(ಎ) ವಿಧಿ. ಪತ್ರಕರ್ತರಿಗೆ ಇರುವ ವಾಕ್ ಸ್ವಾತಂತ್ರ್ಯ ಬೀದಿ ಬದಿ ಟೀ ಮಾರುವವರಿಗೆ ಇರುವುದೇ. ಪತ್ರಿಕೆ ಅನ್ನೋ ಪದವೇ ಅಲ್ಲಿ ಇಲ್ಲ. ಅಂದರೆ ಹಕ್ಕಿನ ಲೆಕ್ಕದಲ್ಲಿ ನಮಗೂ ಉಳಿದವರಿಗೂ ವ್ಯತ್ಯಾಸ ಇಲ್ಲ. ಹಾಗಾದರೆ ಪತ್ರಕರ್ತ ಅನ್ನಿಸಿಕೊಂಡವನ ಹತ್ತಿರ ಜಾಸ್ತಿ ಇರುವುದು ಏನು? ನನ್ನ ಪ್ರಕಾರ ಒಂದೇ. ಬರೆದದ್ದಕ್ಕೆ ಇನ್ನೊಬ್ಬರ ಎದುರು ನಿಂತು ಉತ್ತರ ಕೊಡಬೇಕಾದ ಹೊರೆ. ಆ ಹೊರೆ ಮೊದಲ ಸಲ ಹೆಗಲ ಮೇಲೆ ಕೂತ ದಿನ ಒಬ್ಬರು ಈ ವೃತ್ತಿಗೆ ಬರುತ್ತಾರೆ. ನಮ್ಮ ಪಠ್ಯಕ್ರಮದಲ್ಲಿ ಆ ದಿನಕ್ಕೆ ಜಾಗ ಇಲ್ಲ.

ನನಗೆ ಆ ದಿನ ಬಂದಿದ್ದು ಕೆಲಸಕ್ಕೆ ಸೇರಿ ಮೂರನೇ ವರ್ಷದಲ್ಲಿ. ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಹಣ ದುರುಪಯೋಗದ ದೂರು ದಾಖಲಾಗಿತ್ತು. ಠಾಣೆಯಿಂದ ಫೋನಿನಲ್ಲಿ ಹೇಳಿದ್ದನ್ನು ಹಾಗೇ ಬರೆದೆ. 'ಕಾರ್ಯದರ್ಶಿ ತಲೆಮರೆಸಿಕೊಂಡಿದ್ದಾರೆ.' ಆ ಮನುಷ್ಯ ಆಗ ಮೈಸೂರಿನ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಕೂತಿದ್ದರು. ನಾಲ್ಕು ದಿನದ ನಂತರ ನಮ್ಮ ಮನೆಗೇ ಬಂದರು. ಕೂಗಾಡಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮೇಜಿನ ಮೇಲಿಟ್ಟು "ಓದಿ" ಅಂದರು. ಅಮ್ಮ ಕಾಫಿ ತಂದುಕೊಟ್ಟರು. ಅವರು ಲೋಟ ಮುಟ್ಟಲಿಲ್ಲ. ಸ್ಪಷ್ಟನೆ ಪ್ರಕಟವಾಗಿದ್ದು ಹನ್ನೊಂದು ದಿನದ ಮೇಲೆ, ಟೆಂಡರ್ ಪ್ರಕಟಣೆಯ ಕೆಳಗೆ, ಎರಡು ಸಾಲು. ಇವತ್ತಿಗೂ 'ತಲೆಮರೆಸಿಕೊಂಡಿದ್ದಾರೆ' ಅಂತ ಟೈಪ್ ಮಾಡುವಾಗ ನನ್ನ ಬೆರಳು ನಿಲ್ಲುತ್ತದೆ. ಆ ಠಾಣೆಯ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡಬೇಕಿತ್ತು ಅಂತ ಎಲ್ಲ ಪುಸ್ತಕದಲ್ಲೂ ಬರೆದಿರುತ್ತದೆ. ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ.

ಹಿಂದೆ ಈ ಪಾಠವನ್ನು ಆಫೀಸು ಕಲಿಸುತ್ತಿತ್ತು. ನಮ್ಮ ದೊಡ್ಡ ಪತ್ರಕರ್ತರಲ್ಲಿ ಎಷ್ಟೋ ಜನ ಪತ್ರಿಕೋದ್ಯಮ ಓದಿದವರಲ್ಲ. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಶಾಲಾ ಮೇಷ್ಟರು. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟರು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ 'ಮುಂಗಾರು' ಶುರು ಮಾಡಿದಾಗ ಅನುಭವವಿಲ್ಲದ ಹುಡುಗರನ್ನೇ ಕಟ್ಟಿಕೊಂಡು ಪತ್ರಿಕೆ ತಂದರು. ಅಂಥ ಕಡೆ ಹಿರಿಯರು ಕಾಪಿಯ (ಬರೆದುಕೊಟ್ಟ ಸುದ್ದಿಯ) ಮೇಲೆ ಕೆಂಪು ಇಂಕಿನಲ್ಲಿ ಗೀಚುತ್ತಿದ್ದರು, ಎಲ್ಲರೆದುರು ಬೈಯುತ್ತಿದ್ದರು, ರಾತ್ರಿ ಹನ್ನೊಂದಕ್ಕೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಯಾಕೆ ಬೈದೆ ಅಂತಲೂ ಹೇಳುತ್ತಿದ್ದರು. ಈಗ ಡೆಸ್ಕಿನಲ್ಲಿ ಜನ ಕಮ್ಮಿ. ವಾಟ್ಸಾಪ್‌ನಲ್ಲಿ ಬಂದ ಕಾಪಿ ನೇರ ಪುಟಕ್ಕೆ ಹೋಗುತ್ತದೆ. ಬೈಯುವವರಿಗೂ ಪುರುಸೊತ್ತಿಲ್ಲ. ಆಫೀಸು ಬಿಟ್ಟುಕೊಟ್ಟ ಕೆಲಸವನ್ನು ಕಾಲೇಜು ಎತ್ತಿಕೊಳ್ಳಬೇಕಾಗಿದೆ.

ಇಂಟರ್ನ್‌ಶಿಪ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಕೊನೆಯಲ್ಲಿ ಒಂದು ತಿಂಗಳು. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಮೂರು ಜನ ಸೇರಿ ಇರುತ್ತಾರೆ. ಬೈಟ್ (ಕ್ಯಾಮೆರಾ ಮುಂದೆ ಯಾರದಾದರೂ ಎರಡು ಮಾತು) ತರುತ್ತಾರೆ, ವಿಡಿಯೊಗೆ ಥಂಬ್‌ನೇಲ್ ಚಿತ್ರ ಮಾಡುತ್ತಾರೆ. ವಾಪಸ್ ಬಂದಾಗ "ಶೀರ್ಷಿಕೆ ಒಂದು, ಒಳಗೆ ಇನ್ನೊಂದು ಯಾಕಪ್ಪ?" ಅಂದರೆ "ಸರ್, ಅಲ್ಲಿ ಹಾಗೇ ಮಾಡೋದು" ಅನ್ನುತ್ತಾರೆ. ಮೊದಲು ಕಾಲಿಟ್ಟ ಆಫೀಸಿನ ಚಾಳಿಯನ್ನೇ ವೃತ್ತಿ ಅಂದುಕೊಂಡುಬಿಡುತ್ತಾರೆ. ಪಾಪ, ಹೋಲಿಸಿ ನೋಡಲು ಅವರ ಹತ್ತಿರ ಬೇರೆ ಅನುಭವ ಇರುವುದಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ. ಮೊದಲ ಸೆಮಿಸ್ಟರಿನಲ್ಲೇ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಬೀಟ್ ಕೊಡಿ, ಅಂದರೆ ಸುದ್ದಿ ಹುಡುಕಲು ಒಂದು ಖಾಯಂ ಜಾಗ. ಒಂದು ಕೆರೆ, ಒಂದು ಬಸ್ ಸ್ಟ್ಯಾಂಡ್, ಒಂದು ಅಂಗನವಾಡಿ, ಒಂದು ಗ್ರಾಮ ಪಂಚಾಯಿತಿ. ಯಾವುದಾದರೂ ಸರಿ, ಆದರೆ ಒಂದೇ. ಅದನ್ನೇ ಇಡೀ ವರ್ಷ ಬರೆಯಬೇಕು. ಬೀಟ್ ಬದಲಾಯಿಸುವ ಹಾಗಿಲ್ಲ. ಯಾಕೆ ಅಂದರೆ, ಇವತ್ತು ಯಾರ ಬಗ್ಗೆ ಬರೆದೆವೋ ಅವರ ಮುಖವನ್ನೇ ನಾಳೆಯೂ ನೋಡಬೇಕಾಗುತ್ತದೆ.

ನಾನು ಮೂರು ವರ್ಷದಿಂದ ಇದನ್ನು ಇಂಟರ್ನಲ್ ಮಾರ್ಕ್ಸಿನ ಹೆಸರಲ್ಲಿ ಕದ್ದುಮುಚ್ಚಿ ಮಾಡಿಸುತ್ತಿದ್ದೇನೆ. ಒಬ್ಬ ಹುಡುಗನಿಗೆ ನಮ್ಮೂರಿನ ಗುರುವಾರದ ಸಂತೆ ಕೊಟ್ಟಿದ್ದೆ. ಮೊದಲ ತಿಂಗಳು ಟೊಮೆಟೊ ರೇಟು, ಈರುಳ್ಳಿ ರೇಟು ಬರೆದ. ಬೇಜಾರು ಅಂದ. ಎರಡನೇ ತಿಂಗಳಲ್ಲಿ ಸುಂಕದ ಚೀಟಿ ಕಣ್ಣಿಗೆ ಬಿತ್ತು. ಪಂಚಾಯಿತಿ ನಿಗದಿ ಮಾಡಿದ್ದಕ್ಕಿಂತ ಗುತ್ತಿಗೆದಾರರ ಹುಡುಗರು ಜಾಸ್ತಿ ವಸೂಲಿ ಮಾಡುತ್ತಿದ್ದರು. ಚೀಟಿಯಲ್ಲಿ ಒಂದು ಮೊತ್ತ, ಕೈಯಲ್ಲಿ ಇನ್ನೊಂದು. ಸೊಪ್ಪು ಮಾರುವ ಒಬ್ಬ ಅಜ್ಜಿಯ ಮಾತು ಸೇರಿಸಿ ಬರೆದ. ಅದನ್ನು ನಮ್ಮ ಕಾಲೇಜಿನ ಗೋಡೆ ಪತ್ರಿಕೆಗೆ ಹಾಕಿದೆವು. ಯಾರೋ ಫೋಟೋ ಹೊಡೆದು ಊರೆಲ್ಲ ಹಂಚಿದರು. ಮುಂದಿನ ಗುರುವಾರ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಅಜ್ಜಿ ಹಿಂದೆ, ಮೋರಿ ಪಕ್ಕ. "ನೀನು ಬರ್ದೆ ಮಗಾ, ನನ್ ಜಾಗ ಹೋಯ್ತು" ಅಂದಳಂತೆ.

ಹುಡುಗ ಎರಡು ದಿನ ತರಗತಿಗೆ ಬರಲಿಲ್ಲ. ಬಂದ ದಿನ ಪಾಠ ನಿಲ್ಲಿಸಿ ಅದನ್ನೇ ಮಾತಾಡಿದೆವು. ಅಜ್ಜಿಯ ಹೆಸರು ಹಾಕಬೇಕಿತ್ತಾ? ಹಾಕುವ ಮುಂಚೆ ಏನಾಗಬಹುದು ಅಂತ ಅವಳಿಗೆ ಹೇಳಿದ್ದನಾ? ಹತ್ತು ಜನರ ಚೀಟಿ ಒಟ್ಟಿಗೆ ತೋರಿಸಿದ್ದರೆ? ಗುತ್ತಿಗೆದಾರರನ್ನು ಕೇಳಿದ್ದನಾ? ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಏನಂದರು? ಬರೆಯದೇ ಸುಮ್ನೆ ಇರಬೇಕಿತ್ತಾ? ಒಂದು ಗಂಟೆಯ ಪೀರಿಯಡ್ಡು ಎರಡೂವರೆ ಗಂಟೆ ಆಯಿತು. ಇತಿಹಾಸದ ಮೇಷ್ಟರು ಬಾಗಿಲಲ್ಲಿ ನಿಂತು ಕೆಮ್ಮಿದರು, ನಾವು ಕೇಳಿಸಿಕೊಳ್ಳಲಿಲ್ಲ. ಮುಂದಿನ ಗುರುವಾರ ಆ ಹುಡುಗ ಮತ್ತೆ ಸಂತೆಗೆ ಹೋದ. ನಾನು ಹೋಗು ಅಂತ ಹೇಳಿರಲಿಲ್ಲ.

ಮಾನ್ಯರೇ, ನಿಮ್ಮ ಪಠ್ಯದಲ್ಲಿ 'ಮಾಧ್ಯಮ ನೀತಿ' ಅನ್ನೋ ಘಟಕ ಇರುತ್ತದೆ. ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳು, ಹತ್ತು ಅಂಕದ ಪ್ರಶ್ನೆ. ಆ ಸೂತ್ರಗಳು ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಅಜ್ಜಿ ಮೋರಿ ಪಕ್ಕ ಕೂತ ಮೇಲೆ ಓದಿದಾಗ ಅವು ಹುಡುಗನಿಗೆ ಬೇರೆಯೇ ಥರ ಕಂಡವು.

ಈ ಥರದ ಕಲಿಕೆ ಹೊಸದೇನಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ವಾಲ್ಟರ್ ವಿಲಿಯಮ್ಸ್ ಪತ್ರಿಕೋದ್ಯಮ ಶಾಲೆ ತೆರೆದಾಗ ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳು ಪತ್ರಿಕೆಯನ್ನೂ ತಂದರು. ಅದು ಕಾಲೇಜಿನ ಸ್ಮರಣ ಸಂಚಿಕೆ ಥರದ್ದಲ್ಲ, ಇಡೀ ಕೊಲಂಬಿಯಾ ಊರು ಓದುವ ಪತ್ರಿಕೆ. ಮೆಡಿಕಲ್ ಕಾಲೇಜಿಗೆ ಆಸ್ಪತ್ರೆ ಇದ್ದ ಹಾಗೆ. ನಮ್ಮಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರು ಪತ್ರಿಕೋದ್ಯಮ ಕಲಿಕೆಗೆ ಬುನಾದಿ ಹಾಕಿದರು. ಎಪ್ಪತ್ತು ವರ್ಷ ದಾಟಿತು. ನಮ್ಮ ತಾಲ್ಲೂಕು ಕಾಲೇಜಿಗೆ ಆಸ್ಪತ್ರೆ ಬಿಡಿ, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆಯೂ ಬಂದಿಲ್ಲ. ಒಂದು ಕಂಪ್ಯೂಟರ್ ಇದೆ, ಅದರಲ್ಲಿ ಪುಟ ಕಟ್ಟುವ ಸಾಫ್ಟ್‌ವೇರ್ ಇಲ್ಲ.

ಅದೇ 1908ರಲ್ಲಿ ಇಲ್ಲೂ ಒಂದು ಘಟನೆ ನಡೆಯಿತು. ಮೈಸೂರು ಸಂಸ್ಥಾನ ಪತ್ರಿಕೆಗಳನ್ನು ಕಟ್ಟಿಹಾಕುವ ಕಾಯ್ದೆ ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವ ಹಾಗಿಲ್ಲ ಅಂತಾಯಿತು. ಪ್ರತಿಭಟಿಸಿ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇದು ಎರಡು ಅಂಕ. ನಾನು ಇದನ್ನು ಬೇರೆ ಥರ ಕೇಳುತ್ತೇನೆ. ನೀವಾಗಿದ್ದರೆ ನಿಲ್ಲಿಸುತ್ತಿದ್ದಿರಾ? ಅಥವಾ ಅನುಮತಿ ಪಡೆದು, ಬಗ್ಗಿ, ಅಷ್ಟಾದರೂ ಬರೆಯುತ್ತಿದ್ದಿರಾ? ನಿಲ್ಲಿಸಿದರೆ ಓದುಗರಿಗೆ ಏನು ಉಳಿಯಿತು? ಅಚ್ಚಿನ ಮೊಳೆ ಜೋಡಿಸುವವರ ಸಂಬಳ? ತರಗತಿ ಎರಡು ಭಾಗ ಆಗುತ್ತದೆ. ಪ್ರತಿವರ್ಷ. ಇತಿಹಾಸದ ಘಟಕವನ್ನು ತೆಗೆಯಬೇಡಿ, ಹೀಗೆ ಬರೆಯಿರಿ. ಇಸವಿಗಳ ಪಟ್ಟಿಗಿಂತ ತೀರ್ಮಾನಗಳ ಕಥೆ ಮಕ್ಕಳ ತಲೆಯಲ್ಲಿ ಜಾಸ್ತಿ ದಿನ ಇರುತ್ತದೆ.

ಇನ್ನು ಭಾಷೆ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಸಹಿಸಿಕೊಳ್ಳಿ.

ಮೊದಲ ಸೆಮಿಸ್ಟರಿನ ಮಕ್ಕಳಿಗೆ ಒಂದು ಅಪಘಾತದ ಸುದ್ದಿ ಬರೆಯಲು ಹೇಳಿ. 'ಸದರಿ ವ್ಯಕ್ತಿಯು ಸ್ಥಳದಲ್ಲಿಯೇ ಮೃತಪಟ್ಟಿರುತ್ತಾನೆ' ಅಂತ ಬರೆಯುತ್ತಾರೆ. ಅದೇ ಹುಡುಗ ಬೆಳಿಗ್ಗೆ ಮನೆಯಲ್ಲಿ "ಆ ತಿರುವಲ್ಲಿ ಬೈಕು ಲಾರಿಗೆ ಗುದ್ದಿ, ಹುಡುಗ ಅಲ್ಲೇ ಹೋಗ್ಬಿಟ್ಟ ಕಣಜ್ಜಿ" ಅಂದಿರುತ್ತಾನೆ. ಯಾರು, ಎಲ್ಲಿ, ಹೇಗೆ, ಎಲ್ಲ ಅದರಲ್ಲೇ ಇತ್ತು. ಪೆನ್ನು ಹಿಡಿದ ಕೂಡಲೇ ಅವನೊಳಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದು ಕೂರುತ್ತಾರೆ. ಎಫ್‌ಐಆರ್ ಕನ್ನಡವೇ ಸುದ್ದಿಯ ಕನ್ನಡ ಅಂತ ಅವನು ನಂಬಿದ್ದಾನೆ. ಠಾಣೆಯ ಭಾಷೆಯಲ್ಲಿ ಬರೆಯುವವನು ನಿಧಾನಕ್ಕೆ ಠಾಣೆಯ ಕಣ್ಣಲ್ಲೇ ನೋಡುತ್ತಾನೆ. ನನ್ನ 'ತಲೆಮರೆಸಿಕೊಂಡಿದ್ದಾರೆ' ಕೂಡ ಅಲ್ಲಿಂದಲೇ ಬಂದಿದ್ದು.

ಇನ್ನೊಂದು ಇದೆ, ಕನ್ನಡಕ್ಕೇ ಸೇರಿದ್ದು. ಏಕವಚನ, ಬಹುವಚನ. ಸಚಿವರು 'ಹೇಳಿದರು'. ಕೂಲಿಯವನು 'ಹೇಳಿದ'. ಆರೋಪಿ ಬಡವನಾದರೆ 'ಬಂಧಿಸಲಾಗಿದೆ, ಅವನು', ದೊಡ್ಡ ಮನುಷ್ಯನಾದರೆ ಅದೇ ಸೆಕ್ಷನ್ನಿಗೆ 'ಅವರನ್ನು ವಿಚಾರಣೆಗೆ ಒಳಪಡಿಸಲಾಗಿದೆ'. ಇಂಗ್ಲಿಷ್ ಪಠ್ಯ ನೋಡಿಕೊಂಡು ಮಾಡಿದ ಸಿಲೆಬಸ್‌ನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಏಕೆಂದರೆ ಆ ಭಾಷೆಯಲ್ಲಿ ಈ ತೊಂದರೆ ಇಲ್ಲ. ನಾನು ಮಕ್ಕಳಿಗೆ ಒಂದು ವಾರದ ಪೇಪರ್ ಕೊಟ್ಟು ಯಾರು 'ಅವನು', ಯಾರು 'ಅವರು' ಅಂತ ಕೆಂಪು ಪೆನ್ನಿನಲ್ಲಿ ಸುತ್ತಲು ಹೇಳುತ್ತೇನೆ. ಆಮೇಲೆ ಏನೂ ಹೇಳುವುದಿಲ್ಲ. ಒಬ್ಬ ಹುಡುಗ ತನ್ನ ಅಪ್ಪನ ಕಸುಬಿನವರನ್ನೆಲ್ಲ ಸುತ್ತಿ, ಸುಮಾರು ಹೊತ್ತು ಆ ಪುಟವನ್ನೇ ನೋಡುತ್ತಾ ಕೂತಿದ್ದ. ಇದಕ್ಕೆ ಒಂದು ಕ್ರೆಡಿಟ್ ಕೊಡಬಾರದಾ?

ಕಾನೂನಿನ ಪಾಠವೂ ಕೈಯಲ್ಲಿ ಕಾಪಿ ಇಟ್ಟುಕೊಂಡೇ ಆಗಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಗುರುತು ಬಯಲು ಮಾಡಬಾರದು ಅನ್ನುತ್ತದೆ. ಎಲ್ಲರೂ ಬರೆಯುತ್ತಾರೆ. ಆಮೇಲೆ ಒಂದು ಕಾಲ್ಪನಿಕ ಪ್ರೆಸ್ ನೋಟ್ ಕೊಡಿ. ಹೆಸರು ಇರುವುದಿಲ್ಲ. ಊರಿನ ಹೆಸರು, ಎಂಟನೇ ಕ್ಲಾಸು, ತಂದೆ ಆಟೋ ಚಾಲಕ ಅಂತ ಇರುತ್ತದೆ. ನೂರು ಮನೆಯ ಊರಲ್ಲಿ ಇಷ್ಟು ಸಾಕು, ಅಲ್ವಾ? ಏನೇನು ಹೊಡೆದುಹಾಕುತ್ತೀರಿ? ಹೊಡೆದ ಮೇಲೆ ಸುದ್ದಿಯಲ್ಲಿ ಏನು ಉಳಿಯುತ್ತದೆ? ಮಾಹಿತಿ ಹಕ್ಕಿನ ಅರ್ಜಿಯನ್ನೂ ಬರೆಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಿರಿಕಿರಿಯ ನಿಯಮವೇ. ಆದರೆ ಪ್ರಶ್ನೆಯನ್ನು ಚೂಪು ಮಾಡಲು ಇದಕ್ಕಿಂತ ಒಳ್ಳೆ ಅಭ್ಯಾಸ ನನಗೆ ಗೊತ್ತಿಲ್ಲ.

ಈಗಿನ ಮಕ್ಕಳ ಹತ್ತಿರ ಒಂದು ಗುರುತು ಮೊದಲೇ ಇರುತ್ತದೆ ಅನ್ನೋದನ್ನೂ ಮರೆಯಬೇಡಿ. ನನ್ನ ಒಬ್ಬ ವಿದ್ಯಾರ್ಥಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಹನ್ನೊಂದು ಸಾವಿರ ಫಾಲೋವರ್ಸ್. "ಸರ್, ನೀವಿದ್ದ ಪೇಪರ್ ನಮ್ ತಾಲ್ಲೂಕಲ್ಲಿ ಎಷ್ಟು ಕಾಪಿ ಹೋಗುತ್ತೆ?" ಅಂದ. ನಾನು ಸಂಖ್ಯೆ ಹೇಳಲಿಲ್ಲ, ಮಾತು ಬದಲಾಯಿಸಿದೆ. ಅಂಥವನಿಗೆ 'ನೀನು ಪತ್ರಕರ್ತನಲ್ಲ' ಅಂತ ಹೇಳಿದರೆ ನಗುತ್ತಾನೆ. ಬದಲಿಗೆ ಅವನ ಒಂದು ರೀಲ್ಸ್ ತಪ್ಪಾದಾಗ ಏನು ಮಾಡಿದ ಅಂತ ಕೇಳಿದೆ. "ಡಿಲೀಟ್ ಮಾಡ್ದೆ" ಅಂದ. ನೋಡಿದವರಿಗೆ ಹೇಳಿದೆಯಾ? ಇಲ್ಲ. ಅಲ್ಲಿಂದ ನಮ್ಮ ಪಾಠ ಶುರುವಾಯಿತು. ಈಗ ನಮ್ಮ ಗೋಡೆ ಪತ್ರಿಕೆಯಲ್ಲಿ 'ನಾವು ತಪ್ಪಿದ್ದು' ಅಂತ ಒಂದು ಕಾಲಂ ಇದೆ, ಮೇಲ್ಗಡೆ, ಕಣ್ಣಿಗೆ ಬೀಳುವ ಕಡೆ. ಅದರ ಉಸ್ತುವಾರಿ ಅವನದೇ.

ಹೆಣ್ಣುಮಕ್ಕಳ ವಿಷಯ. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ನಮ್ಮ ತಾಲ್ಲೂಕಿನ ಪ್ರೆಸ್ ಮೀಟ್‌ಗಳಲ್ಲಿ ನಾನು ಒಬ್ಬಳನ್ನೂ ಕಂಡಿಲ್ಲ. ಬೀಟ್ ಹಂಚುವಾಗ ಸಂಜೆ ಕೊನೆ ಬಸ್ ಎಷ್ಟಕ್ಕೆ ಅಂತ ಕೇಳಿಕೊಂಡು ಹಂಚಬೇಕು. ಹೀಗೆ ಹೇಳಿದರೆ ಸಣ್ಣ ಮಾತು ಅನ್ನಿಸಬಹುದು. ನಮ್ಮಲ್ಲಿ ಎಷ್ಟೋ ಜನರ ವೃತ್ತಿ ಐದೂವರೆಯ ಬಸ್ಸಿನಲ್ಲೇ ಮುಗಿದುಹೋಗುತ್ತದೆ.

ದುಡ್ಡಿನ ಮಾತನ್ನೂ ಬಚ್ಚಿಡಬೇಡಿ. ತಾಲ್ಲೂಕಿನ ಸ್ಟ್ರಿಂಗರ್‌ಗೆ ಸಂಬಳ ಎಷ್ಟು, ಜಾಹೀರಾತು ತಂದುಕೊಡು ಅಂದಾಗ ಸುದ್ದಿ ಏನಾಗುತ್ತದೆ, ಪ್ರೆಸ್ ನೋಟ್ ಜೊತೆ ಬರುವ ದುಡ್ಡಿನ ಕವರ್ ಏನು, ದೀಪಾವಳಿಯ ಸ್ವೀಟ್ ಬಾಕ್ಸ್ ಎಷ್ಟು ಭಾರ ಇದ್ದರೆ ವಾಪಸ್ ಕೊಡಬೇಕು. ಇದನ್ನು ಕಲಿಸಲು ನನಗಿಂತ ಒಳ್ಳೆಯವರು ನಮ್ಮೂರಲ್ಲೇ ಇದ್ದಾರೆ. ಇಪ್ಪತ್ತು ವರ್ಷದಿಂದ ಸುದ್ದಿ ಕಳಿಸುತ್ತಿರುವ ಒಬ್ಬ ಸ್ಟ್ರಿಂಗರ್, ಜೀವನಕ್ಕೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ವೃತ್ತಿಯಲ್ಲಿರುವವರನ್ನು ಪಾಠಕ್ಕೆ ಕರೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲೇ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ದಾರಿ ಮಾಡಿದೆ. ಅದು ನಮ್ಮಂಥ ಕಾಲೇಜಿನ ಬಾಗಿಲಿಗೆ ಬಂದಿಲ್ಲ. ನಾವು ಮಾಡುವುದು ಇಷ್ಟೇ. ಜುಲೈ 1ರ ಪತ್ರಿಕಾ ದಿನಕ್ಕೆ ಬೆಂಗಳೂರಿಂದ ದೊಡ್ಡವರೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಂದು ಗಂಟೆ ಭಾಷಣ ಕೇಳಿ ಕಳಿಸುವುದು. ಅದೇ ದುಡ್ಡಲ್ಲಿ ಆ ಜೆರಾಕ್ಸ್ ಅಂಗಡಿಯವರು ಹತ್ತು ಶನಿವಾರ ಬರುತ್ತಾರೆ.

ಕೊನೆಗೆ ಪರೀಕ್ಷೆ. 'ವೃತ್ತಿಪರತೆ ಎಂದರೇನು? ವಿವರಿಸಿ' ಅಂತ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಅರ್ಧ ಅಂಕಗಳನ್ನು ಒಂದು ಫೈಲಿಗೆ ಕೊಡಿ. ಅದರಲ್ಲಿ ಮೊದಲ ಕಾಪಿ, ತಿದ್ದಿದ ಕಾಪಿ, ಯಾರನ್ನು ಕೇಳಿದೆ, ಯಾರು ಮಾತಾಡಲ್ಲ ಅಂದರು, ಯಾವ ತಪ್ಪು ಒಪ್ಪಿಕೊಂಡೆ, ಎಲ್ಲ ಇರಲಿ. 'ಇದನ್ನು ಯಾಕೆ ಬರೆಯಲಿಲ್ಲ' ಅಂತಲೂ ಒಂದು ಪುಟ ಇರಲಿ. ನನ್ನ ಮಕ್ಕಳ ಫೈಲುಗಳಲ್ಲಿ ನಾನು ಮೊದಲು ತೆರೆಯುವುದು ಆ ಪುಟವನ್ನೇ. ಮೂರು ವರ್ಷ ಮುಗಿಸಿ 'ಇದು ನನಗಲ್ಲ' ಅಂತ ಬಿ.ಎಡ್‌ಗೆ ಹೋದ ಒಬ್ಬಳು ಆ ಪುಟವನ್ನು ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಸಿಲೆಬಸ್ ಬದಲಾಯಿಸಿ ಅಂತ ಕೇಳುವುದಕ್ಕೆ ನನಗೂ ಸಂಕೋಚ ಇದೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಬಂದೆವು. ಒಂದೇ ಕಾರಿಡಾರಿನಲ್ಲಿ ಎರಡೆರಡು ಸ್ಕೀಮಿನ ಮಕ್ಕಳಿದ್ದರು, ಯಾರಿಗೆ ಯಾವ ಪೇಪರ್ ಅಂತ ನಮಗೇ ಗೊಂದಲ. ಆದರೆ ಆ ಬದಲಾವಣೆಗಳಲ್ಲೆಲ್ಲ ಸೆಮಿಸ್ಟರು ಹಿಂದೆ ಮುಂದೆ ಹೋಯಿತು, ಘಟಕಗಳು ಕ್ರಮ ಬದಲಿಸಿದವು. ತರಗತಿಯಿಂದ ಸಂತೆಗೆ ಹೋಗುವ ದಾರಿ ಯಾರೂ ಹಾಕಲಿಲ್ಲ.

ಆ ಹುಡುಗಿ ತಾಲ್ಲೂಕು ಕಚೇರಿಗೆ ಮತ್ತೆ ಹೋದಳು. ಈ ಸಲ ಕೈಯಲ್ಲಿ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. "ನಾನು ಬಿ.ಎ. ಓದ್ತಿದೀನಿ. ನಮ್ಮ ಹೋಬಳಿ ಮಳೆ ಬಗ್ಗೆ ಬರೀತಿದೀನಿ. ನೀವು ಕೊಟ್ಟ ಲೆಕ್ಕ ನಿಮ್ಮ ಕಚೇರಿ ಹೆಸರಲ್ಲೇ ಹಾಕ್ತೀನಿ, ತಪ್ಪಿದ್ರೆ ತಿದ್ತೀನಿ" ಅಂದಳಂತೆ. ಗುಮಾಸ್ತರು ಅರ್ಜಿ ಬೇಡಮ್ಮ ಅಂತ ರಿಜಿಸ್ಟರನ್ನೇ ತೆಗೆದುಕೊಟ್ಟರು. ಅದರಲ್ಲಿನ ಮಳೆಗೂ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ತೋರಿಸಿದ ಮಳೆಗೂ ಒಂದು ವಾರದಲ್ಲಿ ತಾಳೆ ಆಗುತ್ತಿಲ್ಲ. ಬೆಳೆ ನಷ್ಟದ ಪಟ್ಟಿ ಅದೇ ವಾರದ್ದು. ಯಾವ ಲೆಕ್ಕ ಹಾಕಬೇಕು ಅಂತ ಕೇಳಿಕೊಂಡು ನಿನ್ನೆ ಸಂಜೆ ನನ್ನ ಹತ್ತಿರ ಬಂದಿದ್ದಳು. ನೀನೇ ಹೇಳು ಅಂದಿದ್ದೇನೆ.

ನಿಮ್ಮ ಮುಂದಿನ ಸಭೆಗೆ ಮುಂಚೆ ಒಂದು ಗುರುವಾರ ನಮ್ಮ ಕಾಲೇಜಿಗೆ ಬನ್ನಿ. ಸಂತೆ ದಿನ. ಶಾಲು, ಹಣ್ಣಿನ ಬುಟ್ಟಿ ಇರುವುದಿಲ್ಲ. ಮಧ್ಯಾಹ್ನದ ಊಟ ನನ್ನ ಲೆಕ್ಕ. ಫೈಲುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿರುತ್ತೇನೆ.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕ